ಬಲಗಡೆಯ ಕಪ್ ಬಿಚ್ಚಿದ್ದು

ಕೂತು ಮಾಡುವ ಕೆಲಸ ನನಗೆ ಆಗಿಬರುವುದಿಲ್ಲ. ನಾನು ಹತ್ತು ವರ್ಷದವನಿದ್ದಾಗಲೇ ಬೆಟಗೇರಿಯ ನಮ್ಮ ಮನೆಯಲ್ಲಿ ಎಲ್ಲರೂ ಇದನ್ನು ಒಪ್ಪಿಕೊಂಡಿದ್ದರು, ಅಪ್ಪನೊಬ್ಬನನ್ನು ಬಿಟ್ಟು. ನೇಕಾರರ ಮನೆಯಲ್ಲಿ ಹುಟ್ಟಿದವನು ಕೂರಲಾರೆ ಎಂದರೆ ಯಾರಾದರೂ ನಗುತ್ತಾರೆ. ಅಪ್ಪ ಬೆಳಗಿನ ಚಹಾ ಕುಡಿದು ಮಗ್ಗದ ಕುಣಿಯೊಳಗೆ ಕಾಲಿಳಿಬಿಟ್ಟು ಕೂತನೆಂದರೆ ಊಟದ ಹೊತ್ತಿನವರೆಗೆ ಮೇಲೆ ಬರುತ್ತಿರಲಿಲ್ಲ. ನನ್ನನ್ನು ಕೂರಿಸಿದರೆ ಅರ್ಧ ಗಂಟೆಯಲ್ಲಿ ಕಾಲು ಜುಮುಗುಟ್ಟಿ, ಬೆನ್ನು ತುರಿಸಿ, ಬಾಯಾರಿ, ಕೊನೆಗೆ ಸುಮ್ಮನೆ ಸಿಟ್ಟು ಬಂದು ಎದ್ದುಬಿಡುತ್ತಿದ್ದೆ.

ಸಾಲದ್ದಕ್ಕೆ ನಾನು ಎಡಚ. ಮಗ್ಗದ ಉದ್ದಕ್ಕೆ ಹಾಯ್ದ ಹಾಸಿನ ಎಳೆ ಹರಿದರೆ ತುದಿಗೆ ತುದಿ ಸೇರಿಸಿ ಗಂಟು ಹಾಕಬೇಕು. ಎಲ್ಲರ ಗಂಟಿನಲ್ಲಿ ನೂಲಿನ ಬಾಲ ಒಂದು ಕಡೆ ಮಲಗಿದರೆ ನನ್ನದರಲ್ಲಿ ಇನ್ನೊಂದು ಕಡೆ ಮಲಗುತ್ತಿತ್ತು. ಅದರಿಂದ ಸೀರೆಗೇನೂ ಹಾನಿ ಇರಲಿಲ್ಲ. ಆದರೂ ಅಪ್ಪ ಹಾಸಿನ ಮೇಲೆ ಬೆರಳಾಡಿಸುತ್ತ ಬಂದು ನನ್ನ ಗಂಟು ಸಿಕ್ಕಲ್ಲಿ ನಿಲ್ಲುತ್ತಿದ್ದ, ಉಗುರಿನಿಂದ ಬಿಡಿಸುತ್ತಿದ್ದ, ತಾನೇ ಮತ್ತೆ ಹಾಕುತ್ತಿದ್ದ. ಬೈಯುತ್ತಿರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು, ನಾನೂ ತಿರುಗಿ ಏನಾದರೂ ಅನ್ನಬಹುದಿತ್ತು. ಅವನು ಮಾತಿಲ್ಲದೆ ನನ್ನ ಕೆಲಸವನ್ನು ಬಿಚ್ಚುತ್ತ ಕೂರುವುದನ್ನು ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಹದಿನೈದನೇ ವಯಸ್ಸಿನಲ್ಲಿ ಒಂದು ಮುಂಜಾನೆ ಯಾರಿಗೂ ಹೇಳದೆ ಅಪ್ಪನ ಸೈಕಲ್ ತೆಗೆದುಕೊಂಡು ಲಕ್ಷ್ಮೇಶ್ವರಕ್ಕೆ ಹೋಗಿದ್ದೆ. ಅಲ್ಲಿ ನನಗೆ ನೆಂಟರಿರಲಿಲ್ಲ, ಕೆಲಸವಿರಲಿಲ್ಲ. ಶಿರಹಟ್ಟಿಯ ಬಸ್ಸು ದಿನಾ ನಮ್ಮ ಕಣ್ಣೆದುರು ಹೊರಡುತ್ತಿತ್ತು, ಶಿರಹಟ್ಟಿಯ ಆಚೆ ಏನಿದೆ ನೋಡಬೇಕೆನಿಸಿತು, ಅಷ್ಟೇ. ಎರೆಹೊಲದ ನಡುವಿನ ರಸ್ತೆಯಲ್ಲಿ ಎದುರುಗಾಳಿಗೆ ತುಳಿದು ತುಳಿದು ತೊಡೆ ಗಟ್ಟಿಯಾದವು. ಶಿರಹಟ್ಟಿ ದಾಟಿದ ಮೇಲೆ ಪೆಡಲ್ ಲೊಡಲೊಡ ಅಲ್ಲಾಡತೊಡಗಿತು. ಹೇಗೋ ರಿಪೇರಿ ಮಾಡಿಕೊಂಡು ಲಕ್ಷ್ಮೇಶ್ವರ ಮುಟ್ಟಿ, ಬಸ್ ನಿಲ್ದಾಣದ ಹತ್ತಿರ ಒಂದು ಚಹಾ ಕುಡಿದು, ಬಂದ ದಾರಿಯಲ್ಲೇ ಹಿಂದೆ ಬಂದೆ. ಸಂಜೆ ಮನೆಗೆ ಬಂದಾಗ ಅವ್ವ ಅತ್ತಳು. ಅಪ್ಪ ಸೈಕಲ್ಲನ್ನು ಗೋಡೆಗೆ ಒರಗಿಸಿ, ಧೂಳು ಒರೆಸಿ, ಒಳಗೆ ಹೋದ. ಆ ದಿನದ ಸುಖವನ್ನು ನಾನು ಮುಂದೆ ಆರು ವರ್ಷ ಮೆಲುಕು ಹಾಕಿದೆ.

ಆರು ವರ್ಷ ಕಳೆದ ಮೇಲೆ ಒಂದು ಗುರುವಾರ ನನಗೆ ಕಾಗದ ಬಂತು. ಮಲೇರಿಯಾ ಕೆಲಸ. ಮುಂಡರಗಿ ತಾಲ್ಲೂಕಿನ ಹಳ್ಳಿಗಳಲ್ಲಿ ಮನೆ ಮನೆಗೆ ಹೋಗಿ ಜ್ವರ ಬಂದವರಿದ್ದಾರೆಯೇ ಕೇಳಬೇಕು, ಇದ್ದರೆ ಬೆರಳಿಗೆ ಸೂಜಿ ಚುಚ್ಚಿ ಗಾಜಿನ ಪಟ್ಟಿಯ ಮೇಲೆ ಒಂದು ಹನಿ ರಕ್ತ ತೆಗೆದುಕೊಳ್ಳಬೇಕು, ಗುಳಿಗೆ ಕೊಡಬೇಕು, ಬಂದು ಹೋದ ತಾರೀಕನ್ನು ಬಾಗಿಲ ಪಕ್ಕದ ಗೋಡೆಯ ಮೇಲೆ ಬರೆಯಬೇಕು. ಒಂದು ಊರು ಮುಗಿದರೆ ಮುಂದಿನ ಊರು, ಎಲ್ಲ ಊರು ಮುಗಿದರೆ ಮತ್ತೆ ಮೊದಲಿನದು. ಇಂಥದೊಂದು ಕೆಲಸವನ್ನು ನನಗಾಗಿಯೇ ಯಾರೋ ಕೂತು ಹುಟ್ಟಿಸಿದಂತಿತ್ತು. ಕಾಗದದ ಕೊನೆಯಲ್ಲಿ ಮಾತ್ರ ಒಂದು ಸಾಲಿತ್ತು: ಸೋಮವಾರ ಮುಂಜಾನೆ ಹತ್ತಕ್ಕೆ ಸ್ವಂತ ಸೈಕಲ್ಲಿನೊಂದಿಗೆ ಮುಂಡರಗಿಯಲ್ಲಿ ಹಾಜರಾಗಬೇಕು, ತಪ್ಪಿದರೆ ಮುಂದಿನವರನ್ನು ಕರೆಯಲಾಗುವುದು.

ಹೊಸ ಸೈಕಲ್ ಕೊಳ್ಳುವ ಮಾತೇ ಇರಲಿಲ್ಲ. ಬಾಡಿಗೆ ಸೈಕಲ್ಲನ್ನು ಊರ ಹೊರಗೆ ಒಯ್ಯಲು ಕೊಡುತ್ತಿರಲಿಲ್ಲ. ಇದ್ದದ್ದು ಅಪ್ಪನ ಸೈಕಲ್ ಒಂದೇ. ನೇಯ್ದ ಸೀರೆಗಳ ಗಂಟನ್ನು ಅವನು ಅದರ ಮೇಲೆಯೇ ಕಟ್ಟಿಕೊಂಡು ಗದಗಿನ ಪೇಟೆಗೆ ಹೋಗುತ್ತಿದ್ದ. ಕಾಗದವನ್ನು ಓದಿ ಹೇಳಿದಾಗ ಅಪ್ಪ ಲಾಳಿ ನಿಲ್ಲಿಸಲಿಲ್ಲ.

"ಸೈಕಲ್ ಒಯ್ಯಿ," ಎಂದ. "ನಾ ಪ್ಯಾಟಿಗೆ ನಡಕೋತ ಹೋಗ್ತೀನಿ."

ಇಷ್ಟು ಸುಲಭವಾಗಿ ಒಪ್ಪಿದ್ದೇ ನನಗೆ ಅನುಮಾನ ತಂದಿತು. ಮೂರು ವರ್ಷದಿಂದ ಮಗ್ಗ ಬಿಟ್ಟು ಹೋಗುತ್ತೇನೆ ಎಂದಾಗಲೆಲ್ಲ ಮುಖ ತಿರುಗಿಸುತ್ತಿದ್ದವನು ಈಗ ತನ್ನ ಸೈಕಲ್ಲನ್ನೇ ಕೊಡುತ್ತಾನೆಂದರೆ ಒಳಗೆ ಏನೋ ಇರಬೇಕು ಎಂದುಕೊಂಡೆ.

ಸೈಕಲ್ಲಿಗೆ ಒಂದು ರೋಗವಿತ್ತು. ತುಳಿಯುವಾಗ ಪೆಡಲ್ ಕಟಕ್ ಎಂದು ನಿಂತು, ಒದ್ದರೆ ಮತ್ತೆ ತಿರುಗುತ್ತಿತ್ತು. ಅಪ್ಪ ಅದಕ್ಕೆ ಒಗ್ಗಿಹೋಗಿ ನಿಂತಲ್ಲಿ ಒದೆಯುತ್ತ ಗದಗಿನವರೆಗೆ ಹೋಗಿಬರುತ್ತಿದ್ದ. ಮುಂಡರಗಿಯ ದೂರಕ್ಕೆ, ಅದೂ ದಿನವೂ ಹಳ್ಳಿ ಸುತ್ತುವುದಕ್ಕೆ, ಇದು ನಡೆಯುವಂತಿರಲಿಲ್ಲ. ಶುಕ್ರವಾರ ಬೆಳಗಾಗುತ್ತಲೇ ಸೈಕಲ್ ನೂಕಿಕೊಂಡು ಗದಗಿನ ದಾರಿಯಲ್ಲಿದ್ದ ಚಾಚಾನ ಅಂಗಡಿಗೆ ಹೋದೆ. ಚಾಚಾ ಅಪ್ಪನ ಓರಗೆಯವನು, ಬಿಳಿಗಡ್ಡದ ಮುಸಲ್ಮಾನ. ಬೆಟಗೇರಿಯ ಅರ್ಧ ಸೈಕಲ್ಲುಗಳು ಅವನ ಕೈಯಲ್ಲೇ ಬದುಕಿದ್ದವು.

ಅವನು ಸೈಕಲ್ಲನ್ನು ತಲೆಕೆಳಗೆ ಮಾಡಿ, ಚಕ್ರಗಳನ್ನೂ ಪೆಡಲಿನ ಕಬ್ಬಿಣದ ಕೈಗಳನ್ನೂ ಕಳಚಿದ. ಫ್ರೇಮಿನ ತಳದಲ್ಲಿ ಅಡ್ಡಲಾಗಿ ಒಂದು ಗಿಡ್ಡ ಕೊಳವೆ ಇರುತ್ತದೆ. ಪೆಡಲಿನ ಅಚ್ಚು ತಿರುಗುವುದು ಅದರೊಳಗೆ. ಕೊಳವೆಯ ಎರಡು ಬಾಯಿಗೂ ಒಂದೊಂದು ಉಕ್ಕಿನ ಬಟ್ಟಲನ್ನು ತಿರುಪಿ ಕೂರಿಸಿರುತ್ತಾರೆ. ಅದನ್ನು ಬಿಬಿ ಕಪ್ ಎನ್ನುತ್ತಾರೆ. ಕಪ್ಪಿನೊಳಗೆ ಗುಂಡುಗಳು, ಗುಂಡಿನ ಮೇಲೆ ಅಚ್ಚು. ಚಾಚಾ ಎಡಗಡೆಯ ಕಪ್ಪನ್ನು ಪಾನಾ ಹಾಕಿ ಎಡಕ್ಕೆ ತಿರುಗಿಸಿದ, ಬಂತು. ಅಚ್ಚು ಎಳೆದ, ಗುಂಡುಗಳು ತಟ್ಟೆಗೆ ಉದುರಿದವು. ಒಳಗೆ ಬೆರಳು ಹಾಕಿ ನೋಡಿ, ಬಲಗಡೆಯ ಕಪ್ಪಿನಲ್ಲಿ ತಗ್ಗು ಬಿದ್ದಿದೆ, ಗುಂಡು ಅದರೊಳಗೆ ಇಳಿದು ಸಿಕ್ಕಿಕೊಳ್ಳುತ್ತಿದೆ ಎಂದ. ಅದನ್ನು ತೆಗೆದು ಹೊಸದು ಹಾಕಬೇಕು. ಪಾನಾ ಹಚ್ಚಿದ. ಸುತ್ತ ತುಕ್ಕು ಹಿಡಿದಿದ್ದ ಕಪ್ ಜಪ್ಪಯ್ಯ ಎನ್ನಲಿಲ್ಲ.

"ಜಂಗು ಹಿಡದು ಕುಂತೈತಿ," ಎಂದ. "ಚಿಮಣಿ ಎಣ್ಣಿ ಬಿಟ್ಟಿರತೀನಿ. ನೆನೀಲಿ. ಐತ್ವಾರ ಬಾ."

"ಚಾಚಾ, ನಾ ಸೋಮವಾರ ನಸೀಕನ್ಯಾಗ ಹೊಂಡಬೇಕ್ರಿ."

"ಅದಕ್ಕ ಐತ್ವಾರ ಅಂದೆ."

"ಐತ್ವಾರನೂ ಬರಲಿಲ್ಲಂದ್ರ?"

"ಇವತ್ತ ಜಗ್ಗಿದ್ರ ಖಂಡಿತ ಬರಾಂಗಿಲ್ಲ," ಎಂದು ಚಾಚಾ ಕೈ ತೊಳೆಯಲು ಎದ್ದ. ಮಧ್ಯಾಹ್ನದ ನಮಾಜಿಗೆ ಅಂಗಡಿ ಮುಚ್ಚುವ ದಿನ ಅದು.

ಎರಡು ದಿನ ಒಂದು ಕಬ್ಬಿಣ ನೆನೆಯಲಿ ಎಂದು ಕಾಯುತ್ತ ಕೂರುವುದೆಂದರೆ ನನಗೆ ಅರ್ಥವಾಗುವ ಮಾತೇ ಅಲ್ಲ. ಅವನು ಕೈ ತೊಳೆದು ಬರುವಷ್ಟರಲ್ಲಿ ಫ್ರೇಮನ್ನು ಹೆಗಲಿಗೆ ಹಾಕಿಕೊಂಡಿದ್ದೆ. ಮನೆಯಲ್ಲೇ ನೆನೆಸುತ್ತೇನೆ ಎಂದೆ. ಚಾಚಾ ನನ್ನ ಮುಖ ನೋಡಿ, ಚಕ್ರಗಳನ್ನು ಅಂಗಡಿಯಲ್ಲೇ ಇಟ್ಟುಕೊಂಡು, ಬಿಚ್ಚಿದ ಸಣ್ಣ ಸಾಮಾನನ್ನು ಒಂದು ಡಬ್ಬಿಗೆ ಹಾಕಿ ಕೊಟ್ಟ. ಹೊಡೆಯಬೇಡ ಎಂದು ಮಾತ್ರ ಹೇಳಿದ.

ಹೊಡೆದೆ. ಮನೆಗೆ ಬಂದು ಚಿಮಣಿ ಎಣ್ಣೆ ಸುರಿದು, ಊಟ ಮಾಡುವಷ್ಟು ಹೊತ್ತು ಕಾದು, ಅವ್ವನ ಅಟ್ಟದಿಂದ ಸುತ್ತಿಗೆ, ಉಳಿ ತೆಗೆದು ಅಂಗಳದಲ್ಲಿ ಕೂತೆ. ಕಪ್ಪಿನ ಹೊರಗಿನ ಅಂಚು ಎರಡು ಕಡೆ ಚಪ್ಪಟೆ ಇತ್ತು, ಪಾನಾ ಹಿಡಿಯುವುದಕ್ಕೆ. ಆ ಅಂಚಿಗೆ ಉಳಿ ಕೊಟ್ಟು ಎಡಕ್ಕೆ ಹೊಡೆಯತೊಡಗಿದೆ. ಎಡಗಡೆಯ ಕಪ್ ಎಡಕ್ಕೆ ತಿರುಗಿ ಬಂದದ್ದನ್ನು ಕಣ್ಣಾರೆ ಕಂಡಿದ್ದೆ. ಬಾಟಲಿಯ ಮುಚ್ಚಳವಾಗಲಿ, ನಲ್ಲಿಯಾಗಲಿ, ಲೋಕದಲ್ಲಿ ಬಿಚ್ಚುವುದೆಲ್ಲ ಎಡಕ್ಕೇ ಬಿಚ್ಚುತ್ತದೆ. ಇದಕ್ಕೇನು ಬೇರೆ ಕಾನೂನೇ ಎಂದುಕೊಂಡು ಹೊಡೆದೆ. ಸಂಜೆಯವರೆಗೂ ಹೊಡೆದೆ. ಮರುದಿನ ಶನಿವಾರ ಮತ್ತೆ ಹೊಡೆದೆ. ಕಪ್ ಒಂದು ಕೂದಲೆಳೆಯಷ್ಟು ಅಲ್ಲಾಡಿದಂತೆ ಅನಿಸಿ, ಬರುತ್ತಿದೆ ಎಂಬ ಹುರುಪಿನಲ್ಲಿ ಇನ್ನೂ ಜೋರಾಗಿ ಹೊಡೆದೆ. ಆ ಕೂದಲೆಳೆಯ ಆಚೆಗೆ ಅದು ಸರಿಯಲಿಲ್ಲ.

ಒಳಗಿನಿಂದ ಮಗ್ಗದ ಸದ್ದು ಒಂದೇ ಲಯದಲ್ಲಿ ಬರುತ್ತಿತ್ತು. ನನ್ನ ಸುತ್ತಿಗೆಗೆ ಲಯವೇ ಇರಲಿಲ್ಲ. ನಡುನಡುವೆ ಎದ್ದು ಬಾಗಿಲಿಗೆ ಹೋಗಿ ರಸ್ತೆ ನೋಡುತ್ತಿದ್ದೆ, ಬಂದು ಮತ್ತೆ ಹೊಡೆಯುತ್ತಿದ್ದೆ. ಪಕ್ಕದ ಮನೆಯ ಅಜ್ಜಿ ಗೋಡೆಯ ಮೇಲಿಂದ ಇಣುಕಿ ಅವ್ವನನ್ನು ಕೇಳಿದಳು.

"ನಿನ್ನ ಮಗಾ ಕಂಬಾರಕಿ ಕಲಿಯಾಕತ್ಯಾನೇನs?"

"ಊರ ಬಿಡಾಕ ಕಲಿಯಾಕತ್ಯಾನ," ಎಂದಳು ಅವ್ವ ರಾಟಿಯ ಮುಂದಿನಿಂದ. ಅವಳಿಗೆ ನಗು ಬಂದಿತ್ತೋ ಅಳು ಬಂದಿತ್ತೋ ನಾನು ನೋಡಲಿಲ್ಲ.

ಶನಿವಾರ ಇಳಿಹೊತ್ತಿಗೆ ಕಪ್ಪಿನ ಚಪ್ಪಟೆ ಅಂಚುಗಳೆರಡೂ ಉಳಿಯ ಪೆಟ್ಟಿಗೆ ಜಜ್ಜಿ ದುಂಡಗಾಗಿದ್ದವು. ಇನ್ನು ಪಾನಾ ಹಿಡಿಯಲು ಜಾಗವೇ ಇರಲಿಲ್ಲ. ಕೊಳವೆಯ ಮೇಲಿನ ಬಣ್ಣ ಚಕ್ಕೆ ಚಕ್ಕೆಯಾಗಿ ಎದ್ದಿತ್ತು. ಇನ್ನೊಂದು ತಪ್ಪು ಪೆಟ್ಟು ಬಿದ್ದರೆ ಕೊಳವೆ ಸೀಳುತ್ತದೆ, ಸೀಳಿದರೆ ಫ್ರೇಮು ಗುಜರಿಗೆ, ಕೆಲಸ ಮುಂದಿನವನಿಗೆ. ಅಂಗೈಯಲ್ಲಿ ಗುಳ್ಳೆ ಎದ್ದು ಒಡೆದಿದ್ದವು. ಉಳಿಯ ಮೂಲೆಯಿಂದ ಕಪ್ಪಿನ ಅಂಚಿನ ಕೆಳಗೆ ಕೆರೆದೆ, ಅಲ್ಲಿಯಾದರೂ ಎಣ್ಣೆ ಇಳಿಯಲಿ ಎಂದು. ಉಳಿಯ ತುದಿಗೆ ಏನೋ ಸಿಕ್ಕಿಕೊಂಡು ಬಂತು. ಜಂಗಿನಲ್ಲಿ ಕಪ್ಪಗಾದ ಮೂರು ನಾಲ್ಕು ಎಳೆ ನೂಲು.

ನಾನು ಅದನ್ನು ಬೆರಳಲ್ಲಿ ಹೊಸೆದು ನೋಡಿದೆ. ಸೈಕಲ್ಲಿನ ಒಳಗೆ ಗ್ರೀಸಿರುತ್ತದೆ, ಗುಂಡಿರುತ್ತದೆ. ನೂಲನ್ನು ಯಾವ ಊರಿನ ಯಾವ ಮೇಸ್ತ್ರಿ ಹಾಕುತ್ತಾನೆ? ನೇಕಾರರು ಮಾತ್ರ ಹಾಕುತ್ತಾರೆ. ನಮ್ಮ ಜನ ಸಡಿಲಾದದ್ದಕ್ಕೆಲ್ಲ ನೂಲು ಸುತ್ತುವವರು. ಕೊಡಲಿಯ ಕಾವು ಸಡಿಲಾದರೆ ನೂಲು, ಬಾಗಿಲ ಅಗಳಿ ಸಡಿಲಾದರೆ ನೂಲು, ಕನ್ನಡಕದ ಕಾಲು ಮುರಿದರೆ ನೂಲು. ನಮ್ಮ ಮನೆಯಲ್ಲಿ ಈ ಸೈಕಲ್ ಮುಟ್ಟುವ ನೇಕಾರ ಒಬ್ಬನೇ ಇದ್ದ.

ಮೂರು ದಿನದ ಅನುಮಾನ, ಎರಡು ದಿನದ ಸಿಟ್ಟು ಒಂದೇ ಸಲ ನೆತ್ತಿಗೇರಿತು. ಒಳಗೆ ಹೋಗಿ ಮಗ್ಗದ ಮುಂದೆ ನಿಂತು ಆ ಎಳೆಗಳನ್ನು ಹಾಸಿನ ಮೇಲೆ ಎಸೆದೆ. ಹೊಸ ಹಾಸು ಅದು, ಗಿಣಿಹಸಿರು ಬಣ್ಣದ್ದು. ಅದರ ಮೇಲೆ ಜಂಗಿನ ಕಲೆ ಬಿತ್ತು.

"ಇದಕ್ಕ ಅಲ್ಲಾ ನೀ ಅಷ್ಟ ಜಲ್ದಿ ಸೈಕಲ್ ಒಯ್ಯಿ ಅಂದದ್ದು?" ಎಂದೆ. "ನಾ ಹೋಗಬಾರದು. ನಿನ್ನ ಹಂಗ ಈ ಕುಣ್ಯಾಗ ಕುಂತs ಸಾಯಬೇಕು. ಅದಕ್ಕ ನೂಲು ಸುತ್ತಿ ಜಾಮ್ ಮಾಡಿಟ್ಟೀದಿ."

ಮಗ್ಗ ನಿಂತಿತು. ಅವ್ವನ ರಾಟಿಯೂ ನಿಂತಿತು. ಅಪ್ಪ ಹಾಸಿನ ಮೇಲಿನ ಎಳೆಗಳನ್ನು ಒಂದೊಂದಾಗಿ ಎತ್ತಿ ಅಂಗೈಗೆ ಹಾಕಿಕೊಂಡ. ಕಲೆ ಬಿದ್ದ ಜಾಗವನ್ನು ಹೆಬ್ಬೆರಳಿನಿಂದ ಒರೆಸಿದ. ಅದು ಹೋಗಲಿಲ್ಲ.

"ಮೊದಲ ಅದನ್ನ ಬಿಚ್ಚೂಣು," ಎಂದ. "ಆಮ್ಯಾಲ ಮಾತಾಡೂಣು."

ಅಷ್ಟೇ. ಅಲ್ಲ ಎನ್ನಲಿಲ್ಲ, ಹೌದು ಎನ್ನಲಿಲ್ಲ. ಅಲ್ಲ ಎನ್ನದಿರುವುದೇ ಹೌದು ಎಂದು ನಾನು ತೀರ್ಮಾನಿಸಿದೆ. ಆ ಸಂಜೆ ಅವನ ಜತೆ ಊಟಕ್ಕೆ ಕೂರಲಿಲ್ಲ.

ರವಿವಾರ ಬೆಳಿಗ್ಗೆ ನಾನು ಏಳುವ ಹೊತ್ತಿಗೆ ಅಪ್ಪ ಫ್ರೇಮನ್ನು ಹೆಗಲ ಮೇಲೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ. ಸಾಮಾನಿನ ಡಬ್ಬಿ ನಾನು ಹಿಡಿದೆ. ಬೆಟಗೇರಿಯ ಓಣಿಗಳಲ್ಲಿ ಅವನು ಮುಂದೆ, ನಾನು ಹತ್ತು ಹೆಜ್ಜೆ ಹಿಂದೆ. ಅವನ ನಡಿಗೆ ನಿಧಾನ. ದಿನವಿಡೀ ಕುಣಿಯಲ್ಲಿ ಕೂತವರ ಮೊಣಕಾಲು ಬೇಗ ಬಗ್ಗುವುದಿಲ್ಲ. ದಾಟಿ ಮುಂದೆ ಹೋಗೋಣವೆನಿಸುತ್ತಿತ್ತು, ಫ್ರೇಮು ಇಸಿದುಕೊಳ್ಳೋಣವೆನಿಸುತ್ತಿತ್ತು, ಎರಡನ್ನೂ ಮಾಡದೆ ಡಬ್ಬಿಯೊಳಗಿನ ಗುಂಡುಗಳನ್ನು ಗಲಗಲ ಅಲ್ಲಾಡಿಸುತ್ತ ಹೋದೆ. ಎದುರು ಬಂದವರು ಎಲ್ಲಿಗೆ ಎಂದು ಕೇಳಿದರೆ ಅಪ್ಪ, "ಮಗಗ ನೌಕರಿ ಆಗೈತಿ," ಎಂದು ಉತ್ತರಿಸುತ್ತಿದ್ದ. ಎಂಥ ನಾಟಕ ಎಂದುಕೊಂಡೆ.

ಚಾಚಾ ಕಪ್ಪಿನ ಗತಿ ನೋಡಿ ಕೂಗಾಡಲಿಲ್ಲ. ಉಳಿಯ ಗುರುತುಗಳ ಮೇಲೆ ಬೆರಳಿಟ್ಟು ಅವು ಯಾವ ಕಡೆಯಿಂದ ಯಾವ ಕಡೆಗೆ ಬಿದ್ದಿವೆ ಎಂದು ನೋಡಿದ.

"ಎಡಕ್ಕ ಹೊಡದೀಯೇನಪಾ?"

"ಹೂಂರಿ."

"ಎರಡ ದಿನಾ?"

ನಾನು ತಲೆಯಾಡಿಸಿದೆ.

"ಎರಡ ದಿನಾ ಬಿಗದೀದಿ ಇದನ್ನ. ಬಲಗಡೆ ಕಪ್ ಎಡಕ್ಕ ಬಿಗೀತೈತಿ, ಬಲಕ್ಕ ಬಿಚ್ಚತೈತಿ. ತುಳದ ತುಳದ ತಾನs ಸಡ್ಲಾಗಬಾರದಂತ ಉಲ್ಟಾ ಇಟ್ಟಿರತಾರ. ಒಂದ ಮಾತು ಕೇಳಿ ಹೋಗಿದ್ರ ಆಗತಿತ್ತು." ಆಮೇಲೆ ಅಪ್ಪನ ಕಡೆ ತಿರುಗಿದ. "ಅಣ್ಣಾರ, ಇನ್ನ ಇದಕ್ಕ ಬೆಂಕಿನs ಹಿಡೀಬೇಕು. ಬಣ್ಣ ಹೋಗತೈತಿ. ಹೋಗಲಿ."

"ಬೆಂಕಿ ಬ್ಯಾಡ್ರಿ," ಎಂದ ಅಪ್ಪ. "ಒಳಗ ನೂಲೈತಿ. ಗಂಜಿ ಹಾಕಿದ ನೂಲು. ಅದಕ್ಕ ಕುದಿಯೂ ನೀರು ಹಾಕಬೇಕು. ಗಂಜಿ ಬಿಸಿನೀರಿಗೆ ಬಿಡತೈತಿ."

ಗಂಜಿ ಹಾಕಿದ ನೂಲು ಎಂದು ಇವನಿಗೆ ಹೇಗೆ ಗೊತ್ತು? ನಾನು ತೋರಿಸಿದ್ದು ಜಂಗು ತಿಂದ ನಾಲ್ಕು ಎಳೆ. ಅದರಲ್ಲಿ ಗಂಜಿ ಇತ್ತೋ ಇಲ್ಲವೋ ಬ್ರಹ್ಮನೂ ಹೇಳಲಾರ. ತನ್ನ ಬಾಯಿಂದಲೇ ಸಿಕ್ಕಿಬಿದ್ದ ಎಂದು ನನಗೆ ಒಂದು ಥರದ ಕೆಟ್ಟ ಸಂತೋಷವಾಯಿತು. ಚಾಚಾನ ಮುಂದೆ ಹೇಳಿಬಿಡಲೇ ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಅಪ್ಪ ಎದುರಿನ ಚಹಾದ ಅಂಗಡಿಗೆ ಹೋಗಿಯಾಗಿತ್ತು.

ಕಬ್ಬಿಣಕ್ಕೆ ನೀರು ಹಾಕುವುದೇ ಎಂದು ಚಾಚಾ ಗೊಣಗಿದ. ಆದರೂ ಅಪ್ಪ ತಂದ ಕುದಿಯುವ ಕೆಟಲಿಯನ್ನು ಇಸಿದುಕೊಂಡು ಕಪ್ಪಿನ ಸುತ್ತ ಸಣ್ಣಗೆ ಸುರಿದ. ಮೊದಲನೆಯ ಕೆಟಲಿಗೆ ಕೆಂಪು ನೀರು ಇಳಿಯಿತು. ಎರಡನೆಯದಕ್ಕೆ ಮಬ್ಬಾದ, ಅಂಟಂಟಾದ ನೀರು. ಅಪ್ಪ ಅದನ್ನು ಬೆರಳಿಗೆ ಹಚ್ಚಿಕೊಂಡು ಮೂಸಿ, ಇನ್ನೊಂದು ತರುತ್ತೇನೆ ಎಂದು ಹೋದ. ಮೂರನೆಯದು ಮುಗಿಯುವಾಗ ಚಾಚಾ ಅರ ತೆಗೆದುಕೊಂಡು ಕಪ್ಪಿನ ಜಜ್ಜಿದ ಅಂಚನ್ನು ಎರಡು ಕಡೆ ತಿಕ್ಕತೊಡಗಿದ್ದ. ನಾನು ಹಾಳು ಮಾಡಿದ ಚಪ್ಪಟೆಯನ್ನು ಅವನು ಮತ್ತೆ ಹುಟ್ಟಿಸಬೇಕಿತ್ತು. ಅರದ ಸದ್ದು ಹಲ್ಲಿನೊಳಗೆ ಹೋಗುತ್ತಿತ್ತು. ನನಗೆ ಕೂರಲಾಗಲಿಲ್ಲ, ನಿಲ್ಲಲಾಗಲಿಲ್ಲ. ಎಷ್ಟು ಹೊತ್ತು ಎಂದು ಕೇಳಿದರೆ ಬಾಯಿಗೆ ಬಂದದ್ದು ಬೈಸಿಕೊಳ್ಳುತ್ತೇನೆ ಎಂದು ಗೊತ್ತಿದ್ದರೂ ಎರಡು ಸಲ ಕೇಳಿದೆ.

ಚಾಚಾನ ಬೆಂಚಿಗೆ ಒಂದು ದೊಡ್ಡ ಕಬ್ಬಿಣದ ಇಕ್ಕಳವನ್ನು ಬಿಗಿದಿತ್ತು. ಅವನು ಅದನ್ನು ವಾಯಿಸ್ ಎನ್ನುತ್ತಿದ್ದ. ಫ್ರೇಮನ್ನು ಅಡ್ಡ ಮಲಗಿಸಿ, ಕಪ್ಪಿನ ಚಪ್ಪಟೆ ಅಂಚುಗಳನ್ನು ಅದರ ಬಾಯಿಗೆ ಕೊಟ್ಟು, ಇಡೀ ಮೈಭಾರ ಹಾಕಿ ಬಿಗಿದ. ಈಗ ಕಪ್ ಕದಲುವಂತಿಲ್ಲ. ತಿರುಗಿಸಬೇಕಾದದ್ದು ಇಡೀ ಫ್ರೇಮನ್ನೇ. ಹ್ಯಾಂಡಲಿನ ತುದಿ ಅಪ್ಪ ಹಿಡಿದ, ಹಿಂದಿನ ಚಕ್ರ ಕೂರುವ ತುದಿ ನಾನು ಹಿಡಿದೆ. ಯಾವ ಕಡೆಗೆ ಹೋಗಬೇಕೆಂದು ಚಾಚಾ ಕೈ ಮಾಡಿ ತೋರಿಸಿದ.

"ಜಗ್ಗಬ್ಯಾಡ್ರಿ, ಒದೀಬ್ಯಾಡ್ರಿ. ಭಾರ ಹಾಕಿ ನಿಂದರ್ರಿ. ಅದು ಬಂದಾಗ ಬರತೈತಿ."

ಭಾರ ಹಾಕಿ ನಿಂತೆವು. ಏನೂ ಆಗಲಿಲ್ಲ. ನಾನು ಒಮ್ಮೆ ಜೋರಾಗಿ ಜಗ್ಗಿದೆ, ಇಕ್ಕಳದಲ್ಲಿ ಕಪ್ ಕಿರ್ ಎಂದು ಜಾರಿತು. ಚಾಚಾ ನನ್ನನ್ನು ಒಂದು ನೋಟ ನೋಡಿ ಮತ್ತೆ ಬಿಗಿದ. "ಇನ್ನೊಂದ ಸಲ ಜಾರಿದ್ರ ಹಿಡಿಯಾಕ ಏನೂ ಉಳಿಯಾಂಗಿಲ್ಲ," ಎಂದ. ನಾನು ಅಪ್ಪನ ಕಡೆ ನೋಡಿದೆ. ಅವನು ಕಣ್ಣು ಮುಚ್ಚಿಕೊಂಡು ಫ್ರೇಮಿನ ಮೇಲೆ ಎದೆ ಊರಿ ನಿಂತಿದ್ದ. ಹಣೆಯ ನರ ಉಬ್ಬಿತ್ತು. ಮೋಸ ಮಾಡಿದವನು ಹೀಗೆ ಭಾರ ಹಾಕುತ್ತಾನೆಯೇ ಎಂಬ ಮಾತು ಆಗ ಮೊದಲ ಸಲ ನನ್ನ ತಲೆಗೆ ಬಂತು. ನಾನೂ ಅವನಂತೆಯೇ ಎದೆ ಊರಿದೆ. ಉಸಿರು ಎಣಿಸುತ್ತ ನಿಂತೆ. ಬಹುಶಃ ನನ್ನ ಜೀವಮಾನದಲ್ಲಿ ನಾನು ಅಲುಗಾಡದೆ ನಿಂತದ್ದು ಅದೇ ಮೊದಲು.

ಟಕ್ ಎಂದು ಸದ್ದಾಯಿತು. ಕೊಳವೆ ಸೀಳಿತೆಂದು ನನ್ನ ಜೀವ ಹಾರಿತು. ಸೀಳಿರಲಿಲ್ಲ. ಫ್ರೇಮು ನಮ್ಮ ಕೈಯಲ್ಲಿ ಒಂದು ಬೆರಳಿನಷ್ಟು ತಿರುಗಿತ್ತು. ಮತ್ತೆ ಭಾರ ಹಾಕಿದೆವು, ಇನ್ನೊಂದು ಬೆರಳು. ಆಮೇಲೆ ಅಂಗಡಿಯ ಇಕ್ಕಟ್ಟಿನಲ್ಲಿ ನಾವಿಬ್ಬರೂ ಬೆಂಚಿನ ಸುತ್ತ ಒಂದು ಸುತ್ತು ಬಂದೆವು, ಇನ್ನೊಂದು ಬಂದೆವು, ಫ್ರೇಮು ಹಗುರಾಗಿ ಮೇಲೆದ್ದು ಕೈಗೆ ಬಂತು. ಕಪ್ ಇಕ್ಕಳದ ಬಾಯಲ್ಲೇ ಉಳಿಯಿತು.

ಚಾಚಾ ಅದನ್ನು ತೆಗೆದು ಚಿಂದಿಯಿಂದ ಒರೆಸಿದ. ತಿರುಪಿನ ಗೆರೆಗಳ ತುಂಬ ನೂಲು ಸುತ್ತಿತ್ತು. ಹೊರಗಿನದು ಕಪ್ಪಗಾಗಿ ಪುಡಿಯಾಗಿತ್ತು. ಅಂಚಿನ ಕೆಳಗೆ, ಬಿಸಿನೀರು ತಾಗಿ ಬಿಟ್ಟುಕೊಂಡ ಜಾಗದಲ್ಲಿ, ಇನ್ನೂ ಸ್ವಲ್ಪ ಬಣ್ಣ ಉಳಿದಿತ್ತು, ಕುಂಕುಮದ ಬಣ್ಣ. ಒಂದು ಎಳೆ ಸಾಲದೆ ಇನ್ನೊಂದನ್ನು ಸೇರಿಸಿ ಸುತ್ತಿದ್ದರು. ಸೇರಿಸಿದಲ್ಲಿ ಒಂದು ಗಂಟು, ಅಕ್ಕಿಕಾಳಿನಂತೆ ಚಪ್ಪಟೆಯಾಗಿ ಕೂತಿತ್ತು.

"ಯಾರ ಕೆಲಸ ಇದು?" ಎಂದ ಚಾಚಾ.

ಅಪ್ಪ ಕಪ್ಪನ್ನು ಅವನಿಂದ ಇಸಿದುಕೊಂಡು ನನ್ನ ಕೈಗೆ ಕೊಟ್ಟ. ನಾನು ಗಂಟನ್ನು ನೋಡಿದೆ. ಬಾಲ ಆ ಕಡೆ ಮಲಗಿತ್ತು. ಎಡಗೈಯವರ ಕಡೆ.

ಶಿರಹಟ್ಟಿಯ ಆಚೆಯ ರಸ್ತೆ ಆ ಕ್ಷಣ ಕಣ್ಣಿಗೆ ಬಂತು. ಬೇವಿನ ಗಿಡದ ಕೆಳಗೆ ಸೈಕಲ್ ಮಲಗಿಸಿಕೊಂಡು ಕೂತ ನಾನು, ಅರ್ಧ ಹೊರಬಂದ ಕಪ್, ಜೇಬಿನಲ್ಲಿ ಹರಿದ ಎಳೆ ಸೇರಿಸುವುದಕ್ಕೆಂದು ಯಾವಾಗಲೂ ಇರುತ್ತಿದ್ದ ಗಂಜಿ ನೂಲಿನ ಉಂಡೆ. ಸುತ್ತಿ ಸುತ್ತಿ, ಯಾವ ಕಡೆಗೆ ತಿರುಗಿಸಿದರೆ ಒಳಗೆ ಹೋಗುತ್ತದೋ ಆ ಕಡೆಗೆ ತಿರುಗಿಸಿ, ಕಲ್ಲಿನಿಂದ ಜಜ್ಜಿ ಕೂರಿಸಿದ್ದೆ. ಆ ದಿನದ ಗಾಳಿ, ಲಕ್ಷ್ಮೇಶ್ವರದ ಚಹಾ ಎಲ್ಲವನ್ನೂ ನೆನಪಿಟ್ಟುಕೊಂಡವನು ಇದೊಂದನ್ನು ಮರೆತುಬಿಟ್ಟಿದ್ದೆ. ಗಂಜಿ ನೀರು ಕುಡಿದಿತ್ತು, ನೀರು ಜಂಗು ಹಿಡಿಸಿತ್ತು. ಅಂದು ಬಿಗಿದವನೂ ನಾನೇ, ಎರಡು ದಿನ ಹೊಡೆದು ಮತ್ತೆ ಬಿಗಿದವನೂ ನಾನೇ. ಬೈಸಿಕೊಂಡವನು ಮಾತ್ರ ಅವನು.

ನನಗೆ ಭೂಮಿಗಿಳಿಯುವಷ್ಟು ನಾಚಿಕೆಯಾಯಿತು. ಮೇಲೆ ನೋಡಲಾಗಲಿಲ್ಲ.

"ನಿನಗ ಗೊತ್ತಿತ್ತೇನ?" ಎಂದೆ.

"ನೀ ಬಂದ ಮರುದಿನಾನs ನೋಡಿದ್ದೆ. ನೂಲಿನ ತುದಿ ಹೊರಗ ಕಾಣತಿತ್ತು."

"ಮತ್ತ ಯಾಕ ಬಿಚ್ಚಲಿಲ್ಲ? ಆರ ವರ್ಷ ಒದಕೋತ ತಿರಗ್ಯಾಡಿದಿ."

ಅಪ್ಪ ಕಪ್ಪನ್ನು ಮತ್ತೆ ಇಸಿದುಕೊಂಡು ಗಂಟಿನ ಮೇಲೆ ಬೆರಳಾಡಿಸಿದ.

"ಗಟ್ಟಿ ಕುಂತಿತ್ತು," ಎಂದ. "ಮನಿಯಾಗ ನಿನ್ನ ಗಂಟೆಲ್ಲಾ ನಾ ಬಿಚ್ಚಿದೆ. ಅದೊಂದ ನಿನ್ನನ್ನ ಮನಿಗೆ ಮುಟ್ಟಿಸಿತ್ತು. ಇರಲಿ ಅಂತ ಬಿಟ್ಟೆ."

ಚಾಚಾ ಹೊಸ ಕಪ್ಪಿಗೆ ಗ್ರೀಸು ತುಂಬುತ್ತ ನಮ್ಮ ಕಡೆ ಬೆನ್ನು ಮಾಡಿ ಕೂತ. ಮಧ್ಯಾಹ್ನದ ಹೊತ್ತಿಗೆ ಪೆಡಲ್ ಬೆರಳಿನಿಂದ ಮುಟ್ಟಿದರೆ ತಿರುಗುವಂತಾಯಿತು.

ಸೋಮವಾರ ನಸುಕಿನಲ್ಲಿ ಅವ್ವ ರೊಟ್ಟಿ, ಚಟ್ನಿಪುಡಿ, ಎರಡು ಜೊತೆ ಅರಿವೆ ಎಲ್ಲವನ್ನೂ ಒಂದು ಹಳೆಯ ಸೀರೆಯ ತುಂಡಿನಲ್ಲಿ ಗಂಟು ಕಟ್ಟಿ ಕೊಟ್ಟಳು. ನಾನು ಅದನ್ನು ಹಿಂದಿನ ಕ್ಯಾರಿಯರಿಗೆ ಹಗ್ಗ ಹಾಕಿ ಬಿಗಿದೆ. ಹಿಂದಿನ ದಿನದಿಂದ ನಾಲಿಗೆಯ ಮೇಲೆ ಕೂತಿದ್ದ ಮಾತನ್ನು ಆಗಲಾದರೂ ಆಡಬೇಕಿತ್ತು.

"ಯಪ್ಪಾ, ಮೊನ್ನೆ ನಾ ಅಂದದ್ದು ತಪ್ಪಾತು," ಎಂದೆ.

"ಹೊತ್ತಾಗತೈತಿ," ಎಂದ ಅಪ್ಪ. "ಡೋಣಿ ಊರ ಮಟಾ ಗಾಳಿ ಎದುರಿರತೈತಿ. ನಿಧಾನ ತುಳಿ."

ಅವನು ಸೈಕಲ್ಲಿನ ಸುತ್ತ ಒಂದು ಸಲ ಬಂದ. ಕ್ಯಾರಿಯರಿನ ಹತ್ತಿರ ನಿಂತು, ನಾನು ಹಾಕಿದ ಹಗ್ಗದ ಗಂಟಿನ ಮೇಲೆ ಬೆರಳಿಟ್ಟ. ಬಾಲ ತಪ್ಪು ಕಡೆ ಮಲಗಿತ್ತು. ಉಗುರು ಗಂಟಿನೊಳಗೆ ಇಳಿಯುವುದನ್ನು ನಾನು ಕಂಡೆ, ಹತ್ತು ವರ್ಷ ಕಂಡಿದ್ದೆ. ಅವನು ಬೆರಳು ತೆಗೆದು, ಆ ಕೈಯಿಂದಲೇ ಸೀಟಿನ ಮೇಲಿನ ಧೂಳು ಒರೆಸಿ, ಹಿಂದಕ್ಕೆ ಸರಿದು ನಿಂತ.

ಮುಂಡರಗಿ ಮುಟ್ಟುವವರೆಗೆ ಆ ಗಂಟು ಸಡಿಲಾಗಲಿಲ್ಲ.